ಮಳೆಗಾಲದಲ್ಲಿ ಗುಂಗುರು ಕೂದಲು: ಮನೆಯಲ್ಲೇ ಡ್ರೈಯರ್ ಹಿಡಿದು ಒಣಗಿಸುವ ಬಗೆ

ಆದಿತ್ಯವಾರ ರಾತ್ರಿ ಊಟ ಮುಗಿದ ಮೇಲೆ ನನಗೆ ಒಂದೂವರೆ ಗಂಟೆ ಬೇಕು. ಆ ಹೊತ್ತಿನಲ್ಲಿ ಪರ್ಕಳದ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ಅದು ನನ್ನ ಕೂದಲಿನ ಹೊತ್ತು ಎಂದು ಎಲ್ಲರಿಗೂ ಗೊತ್ತು. ಸೋಮವಾರ ಬೆಳಿಗ್ಗೆ ಉಡುಪಿಗೆ ಹೋಗುವ ಬಸ್ಸು ಹತ್ತುವಾಗ ತಲೆ ಒದ್ದೆ ಇರಬಾರದು, ಅಷ್ಟೇ ನನ್ನ ಆಸೆ.

ನನ್ನದು ಅಲೆ ಅಲೆಯಾಗಿ ಇಳಿಯುವ ಕೂದಲಲ್ಲ. ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತಿದ ಗುಂಗುರು. ಒದ್ದೆ ಇರುವಾಗ ಎಳೆದರೆ ಬೆನ್ನಿನ ನಡುವಿಗೆ ಬರುತ್ತದೆ, ಒಣಗಿದರೆ ಭುಜದ ಮೇಲೆ ನಿಲ್ಲುತ್ತದೆ. ದಪ್ಪ ಬೇರೆ. ಬೇಸಗೆಯಲ್ಲಿ ಅಂಗಳದಲ್ಲಿ ಕೂತರೆ ಹೇಗೋ ಒಣಗುತ್ತದೆ. ಆದರೆ ಜೋರು ಮಳೆಯ ಆಟಿ ತಿಂಗಳಲ್ಲಿ? ಜಗಲಿಯ ಹಗ್ಗಕ್ಕೆ ಹಾಕಿದ, ಮೈ ಒರೆಸುವ ಬೈರಾಸು ಮೂರು ದಿನವಾದರೂ ತಣ್ಣಗೇ ಇರುತ್ತದೆ. ಜುಲೈ ಬೆಳಿಗ್ಗೆ ನಮ್ಮ ಕರಾವಳಿಯ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸು. ಗಾಳಿಯೇ ನೀರು ತುಂಬಿಕೊಂಡಿರುವಾಗ ಕೂದಲಿನ ನೀರು ಎಲ್ಲಿಗೆ ಹೋಗಬೇಕು? ಮೊದಲೆಲ್ಲ ನಾನು ಬೆಳಿಗ್ಗೆ ಮಿಂದು ಒದ್ದೆ ಜಡೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಂದು ಬಿಚ್ಚಿದರೆ ಜಡೆಯ ನಡುವೆ ಇನ್ನೂ ಒದ್ದೆ, ಮುಗ್ಗಲು ವಾಸನೆ, ಬುಡದಲ್ಲಿ ತುರಿಕೆ. ನಾನು ಡ್ರೈಯರ್ ತಂದದ್ದು ಇದಕ್ಕೇ. ಕೂದಲು ನೇರ ಮಾಡಿಕೊಳ್ಳಲು ಅಲ್ಲ.

ಬಿಸಿ ಗಾಳಿ ಎಂದರೆ ಹೆದರುವವರು ಇದ್ದಾರೆ. ಹಿಂದೆ ನಮ್ಮಲ್ಲಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡಿ ಒಣಗಿಸುತ್ತಿದ್ದರು. ನನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಅದೂ ಬಿಸಿ ಗಾಳಿಯೇ ಅಲ್ವಾ? ಕೆಂಡ ದೂರ ಇರುತ್ತಿತ್ತು, ಅಜ್ಜಿಯ ಬೆರಳು ಕೂದಲಿನಲ್ಲಿ ಆಡುತ್ತಲೇ ಇರುತ್ತಿತ್ತು. ಡ್ರೈಯರಿಗೂ ಬೇಕಾದದ್ದು ಇವೇ ಎರಡು: ದೂರ ಮತ್ತು ನಿಲ್ಲದ ಕೈ. 2011ರಲ್ಲಿ ಕೊರಿಯಾದ ಸಂಶೋಧಕರು ಇದನ್ನು ಅಳೆದೇ ನೋಡಿದ್ದಾರೆ. ಡ್ರೈಯರನ್ನು 5 ಸೆಂಟಿಮೀಟರ್ ಹತ್ತಿರ ಹಿಡಿದಾಗ ಬಿಸಿ 95 ಡಿಗ್ರಿ, 15 ಸೆಂಟಿಮೀಟರ್ ದೂರ ಹಿಡಿದಾಗ 47 ಡಿಗ್ರಿ. ಹತ್ತಿರ ಹಿಡಿದಷ್ಟೂ ಕೂದಲಿನ ಹೊರಪದರ ಹಾಳಾಗಿತ್ತು. ಆದರೆ ಡ್ರೈಯರ್ ಹಿಡಿಯದೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ ಇನ್ನೊಂದು ಬಗೆಯ ಹಾನಿ ಕಂಡಿತು, ಒಳಗಿನ ಪದರಗಳನ್ನು ಅಂಟಿಸಿ ಹಿಡಿಯುವ ಭಾಗದಲ್ಲಿ. ತುಂಬ ಹೊತ್ತು ಒದ್ದೆ ಇದ್ದು ಊದಿಕೊಂಡದ್ದೇ ಅದಕ್ಕೆ ಕಾರಣ ಇರಬಹುದು ಎಂದು ಅವರು ಹೇಳಿದರು. ನನ್ನ ಒದ್ದೆ ಜಡೆಯ ದಿನಗಳು ಆಗ ನೆನಪಾದವು. ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಇರುವ ಸಣ್ಣ ಸ್ಕೇಲು ಸರಿಯಾಗಿ 15 ಸೆಂಟಿಮೀಟರ್. ಒಮ್ಮೆ ಅದನ್ನು ಡ್ರೈಯರಿನ ಮುಂದೆ ಹಿಡಿದು ನೋಡಿ, ಆಮೇಲೆ ಕೈಗೇ ಅಂದಾಜು ಸಿಗುತ್ತದೆ.

ಹೀಗೆ ಮಾಡುವುದನ್ನು ನನಗೆ ಕಲಿಸಿದ್ದು ಕೀನ್ಯಾದ ಒಬ್ಬ ಹುಡುಗಿ. ಮಣಿಪಾಲದಲ್ಲಿ ಓದಲು ಬಂದು ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳ ಕೂದಲು ನನ್ನದಕ್ಕಿಂತ ಎಷ್ಟೋ ಬಿಗಿ ಸುರುಳಿ. ರಜೆಯ ದಿನ ನಮ್ಮ ಜಗಲಿಯಲ್ಲಿ ಕೂತು ತಾಳ್ಮೆಯಿಂದ ಕೂದಲು ಬಿಡಿಸುತ್ತಿದ್ದಳು. "ಇಷ್ಟು ಹೊತ್ತು ಕೂತರೆ ಕೈ ನೋಯುವುದಿಲ್ವಾ ಮಗಾ?" ಎಂದು ಅಮ್ಮ ಕೇಳುತ್ತಿದ್ದರು. "ಸ್ವಲ್ಪ ಸ್ವಲ್ಪ, ಅಮ್ಮಾ," ಎನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಕೈ ಸ್ವಲ್ಪ ನೋಯುತ್ತದೆ ಎಂದು ಅಮ್ಮ ತಿಳಿದುಕೊಂಡಿದ್ದರು. ಸ್ವಲ್ಪ ಸ್ವಲ್ಪವೇ ಕೂದಲು ತೆಗೆದುಕೊಂಡು ಮಾಡಬೇಕು ಎನ್ನುವುದು ಅವಳ ಅರ್ಥ. ಗುಂಗುರು ಕೂದಲಿಗೆ ಅದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ.

ಈಗ ಕೆಲಸಕ್ಕೆ ಬರೋಣ. ಎಣ್ಣೆ ಹಾಕುವವರು ಮೀಯುವ ಮೊದಲು ಹಾಕಿ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿಯುವ ಎಣ್ಣೆ. ತೊಳೆಯುವಾಗ ಪ್ರೋಟೀನು ಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ಆದರೆ ಮಿಂದ ಮೇಲೆ ಎಣ್ಣೆ ಬಳಿದು ಡ್ರೈಯರ್ ಹಿಡಿಯಬೇಡಿ. ಕೂದಲು ಭಾರವಾಗಿ ಅಂಟಂಟಾಗುತ್ತದೆ, ಒಣಗಿದೆಯೋ ಇಲ್ಲವೋ ಗೊತ್ತಾಗುವುದೂ ಇಲ್ಲ.

ಸಿಕ್ಕು ಬಿಡಿಸುವುದು ಬಚ್ಚಲಲ್ಲೇ ಆಗಬೇಕು, ಕಂಡೀಷನರ್ ಕೂದಲಿನಲ್ಲಿ ಇರುವಾಗಲೇ. ದಾಸವಾಳದ ಎಲೆಯ ಲೋಳೆ ಹಾಕುವ ಅಭ್ಯಾಸ ಇದ್ದರೆ ಅದೂ ಚೆನ್ನಾಗಿ ಜಾರುತ್ತದೆ, ಸೋಸಿ ಹಾಕಿದರೆ ಚೂರು ಉಳಿಯುವುದಿಲ್ಲ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಮೇಲೆ ಹೋಗಿ. ಬುಡದಿಂದ ಎಳೆದರೆ ಎಲ್ಲ ಸಿಕ್ಕು ತುದಿಗೆ ಬಂದು ಒಂದೇ ಗಂಟು. ಇಲ್ಲಿ ಉಳಿಸಿದ ಸಿಕ್ಕು ಡ್ರೈಯರ್ ಹಿಡಿದ ಮೇಲೆ ಕತ್ತರಿಗೇ ಹೋಗುತ್ತದೆ.

ಆಮೇಲೆ ನೀರು ತೆಗೆಯುವುದು. ದಪ್ಪ ಟರ್ಕಿ ಟವೆಲಿನಿಂದ ಉಜ್ಜಬೇಡಿ. ನಮ್ಮ ಹಳೆಯ ತೆಳು ಬೈರಾಸು ಇದೆಯಲ್ಲ, ಒಗೆದು ಒಗೆದು ಮೆತ್ತಗಾದದ್ದು, ಅದೇ ಒಳ್ಳೆಯದು. ಹಳೆಯ ಹತ್ತಿ ಬನಿಯನ್ ಕೂಡ ಆಗುತ್ತದೆ. ಕೂದಲನ್ನು ಬಟ್ಟೆಯೊಳಗೆ ಹಿಡಿದು ಮೆಲ್ಲಗೆ ಒತ್ತಿ, ತಿರುಚಬೇಡಿ. ಒಂದು ಬೈರಾಸು ನೆನೆದರೆ ಇನ್ನೊಂದು ತನ್ನಿ. ಮತ್ತೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತುಬಿಡಿ. ಮುಟ್ಟಿದರೆ ಕೈಗೆ ನೀರು ಹತ್ತಬಾರದು, ತಂಪು ಮಾತ್ರ ಇರಬೇಕು. ನೀರು ತೊಟ್ಟಿಕ್ಕುವ ಕೂದಲಿಗೆ ಜೋರು ಬಿಸಿ ಕೊಟ್ಟರೆ ಏನಾಗುತ್ತದೆ ಎಂದು ನಾನು ಅನುಭವಿಸಿದ್ದೇನೆ. ಚಿಕ್ಕಮ್ಮನ ಮಗಳ ಮದುವೆಯ ದಿನ ಒಂದು ಪಾರ್ಲರಿನಲ್ಲಿ ಅವಸರಕ್ಕೆ ಅರ್ಧ ಒದ್ದೆ ಕೂದಲಿನ ಮೇಲೇ ಸ್ಟ್ರೇಟ್ನರ್ ಎಳೆದರು. ಚುಂಯ್ ಎಂದು ಸದ್ದು, ಹೊಗೆ. ಎಳೆಯ ಒಳಗಿನ ನೀರು ಕುದಿದು ಆವಿಯಾಗುವಾಗ ಕೂದಲಿನೊಳಗೇ ಗುಳ್ಳೆ ಏಳುತ್ತದೆ. ಗುಳ್ಳೆ ಬಿದ್ದ ಜಾಗದಲ್ಲಿ ಕೂದಲು ತುಂಡಾಗುತ್ತದೆ. ಹಣೆಯ ಹತ್ತಿರದ ಕೂದಲು ಒಂದು ವಾರದಲ್ಲಿ ಮುರಿದು ಕೈಗೆ ಬಂತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಅದು ಮೊದಲಿನ ಹಾಗೆ ಆಗುವಾಗ ಎರಡು ವರ್ಷ ಕಳೆದಿತ್ತು. ಹಾಗಾಗಿ ಈ ಅರ್ಧ ಗಂಟೆಯನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಕೂತ ಹೊತ್ತಿನಲ್ಲಿ ಲೀವ್-ಇನ್ ಕಂಡೀಷನರ್ ಹಚ್ಚಿ, ಅಂದರೆ ತೊಳೆಯದೆ ಹಾಗೇ ಬಿಡುವಂಥದ್ದು. ಮೇಲೆ ಬಿಸಿಯಿಂದ ಕಾಪಾಡುವ ಸೀರಮ್ ಅಥವಾ ಸ್ಪ್ರೇ. ಇಂಥವುಗಳಲ್ಲಿ ಹೆಚ್ಚಾಗಿ ಡೈಮೆಥಿಕೋನ್‌ನಂಥ ಸಿಲಿಕೋನ್ ಇರುತ್ತದೆ. ಅದು ಎಳೆಯ ಮೇಲೆ ತೆಳು ಪೊರೆ ಕಟ್ಟಿ ಬಿಸಿ ಒಂದೇ ಕಡೆ ತಾಗದ ಹಾಗೆ ಮಾಡುತ್ತದೆ, ಹೊರಗಿನ ತೇವವನ್ನೂ ಸ್ವಲ್ಪ ತಡೆಯುತ್ತದೆ. ಒಂದು ಭಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಸಾಕು. ಬುಡಕ್ಕೆ ಬೇಡ.

ಇನ್ನು ಭಾಗ ಮಾಡುವುದು. ನಡುವೆ ಒಂದು ಬೈತಲೆ, ಕಿವಿಯಿಂದ ಕಿವಿಗೆ ಇನ್ನೊಂದು. ನಾಲ್ಕಾಯಿತು. ನನ್ನಷ್ಟು ದಪ್ಪ ಇದ್ದರೆ ಪ್ರತಿಯೊಂದನ್ನೂ ಮತ್ತೆ ಎರಡು ಮಾಡಿ, ಎಂಟು. ಏಳನ್ನು ಸುತ್ತಿ ಕ್ಲಿಪ್ ಹಾಕಿ, ಒಂದನ್ನು ಮಾತ್ರ ಬಿಚ್ಚಿ. ಆ ಒಂದರಿಂದಲೂ ಎರಡು ಬೆರಳು ಅಗಲದ ಕುಚ್ಚು ತೆಗೆದುಕೊಳ್ಳಿ. ಅದು ಪೂರ್ತಿ ಒಣಗುವವರೆಗೆ ಮುಂದಿನ ಕುಚ್ಚಿಗೆ ಹೋಗಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಇಡೀ ತಲೆಗೆ ಅತ್ತ ಇತ್ತ ಗಾಳಿ ಬೀಸಿದರೆ ಮೇಲಿನ ಕೂದಲು ಸುಟ್ಟ ಹಾಗೆ ಒಣಗುತ್ತದೆ, ಒಳಗಿನದು ಒದ್ದೆಯೇ ಇರುತ್ತದೆ. ಹಾಗೆಯೇ ಹೊರಗೆ ಹೋದರೆ ಹತ್ತು ನಿಮಿಷದಲ್ಲಿ ಎಲ್ಲ ಉಬ್ಬಿ ನಿಲ್ಲುತ್ತದೆ.

ಸುರುಳಿ ಬೇಕೋ, ಬಿಡಿಸಿದ್ದು ಬೇಕೋ ಎಂದು ಇಲ್ಲಿ ತೀರ್ಮಾನಿಸಿ. ಸುರುಳಿಯೇ ಬೇಕಾದರೆ ಡಿಫ್ಯೂಸರ್ ಹಾಕಿ, ಅಂದರೆ ಬಟ್ಟಲಿನ ಹಾಗಿನ ತೂತುತೂತಿನ ಮೂತಿ. ತಲೆ ಬಗ್ಗಿಸಿ, ಕೂದಲಿನ ತುದಿಯನ್ನು ಆ ಬಟ್ಟಲಲ್ಲಿ ಕೂರಿಸಿ, ಮೆಲ್ಲಗೆ ಬುಡದವರೆಗೆ ಎತ್ತಿ ಹಿಡಿಯಿರಿ. ಇಲ್ಲಿ ಮೂತಿ ಕೂದಲಿಗೆ ತಾಗಿಯೇ ಇರುವುದರಿಂದ ಬಿಸಿಯೂ ಗಾಳಿಯೂ ಕಡಿಮೆ ಇಡಿ. ಬೆರಳು ಹಾಕಬೇಡಿ, ಬಾಚಬೇಡಿ. ಒಣಗುವ ಮೊದಲು ಮುಟ್ಟಿದರೆ ಸುರುಳಿ ಒಡೆದು ಹತ್ತಿಯ ಹಾಗೆ ಆಗುತ್ತದೆ.

ನಾನು ಹೆಚ್ಚಾಗಿ ಮಾಡುವುದು ಎರಡನೆಯದು, ಎಳೆದು ಹಿಡಿದು ಒಣಗಿಸುವುದು. ಆ ಹುಡುಗಿ ಬ್ರಷ್ ಇಲ್ಲದೆ ಬರೀ ಕೈಯಲ್ಲಿ ಮಾಡುತ್ತಿದ್ದಳು. ಕುಚ್ಚಿನ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಎಳೆಯಿರಿ, ಬುಡ ನೋಯದಷ್ಟು. ಡ್ರೈಯರಿಗೆ ಚಪ್ಪಟೆ ಮೂತಿ ಹಾಕಿ, ಬುಡದಿಂದ ತುದಿಯ ಕಡೆಗೆ ಗಾಳಿ ಇಳಿಯುವ ಹಾಗೆ ಓಡಿಸಿ. ಕೆಳಗಿನಿಂದ ಮೇಲಕ್ಕೆ ಎಂದೂ ಬೇಡ. ಕೂದಲಿನ ಮೇಲ್ಮೈ ನಮ್ಮ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದೆಸಿದ ಪದರ, ಬಾಯಿ ತುದಿಯ ಕಡೆಗೆ. ಮೇಲಿನಿಂದ ಬಂದ ಗಾಳಿಗೆ ಹಂಚು ಮಲಗುತ್ತದೆ, ಕೆಳಗಿನಿಂದ ಹೊಕ್ಕ ಗಾಳಿಗೆ ಏಳುತ್ತದೆ. ಎದ್ದ ಹಂಚಿನೊಳಗೆ ಮಳೆ ನೀರು ನುಗ್ಗುವ ಹಾಗೆಯೇ ಎದ್ದ ಪದರದೊಳಗೆ ತೇವ ನುಗ್ಗುತ್ತದೆ. ಕೂದಲು ಮುಕ್ಕಾಲು ಒಣಗಿದ ಮೇಲೆ ಬೇಕಿದ್ದರೆ ಅಗಲ ಹಲ್ಲಿನ ಬಾಚಣಿಗೆಯನ್ನು ಡ್ರೈಯರಿನ ಮುಂದೆ ಓಡಿಸಿ. ಬಿಸಿ ಮಧ್ಯಮ ಸಾಕು. ಕೈಗೆ ಗಾಳಿ ಹಿಡಿದು ನೋಡಿ, ಕೈ ಹಿಂದಕ್ಕೆ ಎಳೆಯಬೇಕು ಅನಿಸಿದರೆ ಕೂದಲಿಗೂ ಅದು ಜಾಸ್ತಿ.

ಒಂದೊಂದು ಕುಚ್ಚು ಮುಗಿದಾಗಲೂ ತಣ್ಣನೆ ಗಾಳಿಯ ಗುಂಡಿ ಒತ್ತಿ ಹತ್ತು ಎಣಿಸಿ, ತುದಿ ಹಿಡಿದೇ ಇರಿ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿರುವ ಹೈಡ್ರೋಜನ್ ಕೊಂಡಿಗಳು ನೀರು ತಾಗಿದರೆ ಬಿಡುತ್ತವೆ, ಒಣಗಿ ತಣ್ಣಗಾಗುವಾಗ ಆ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿ ಇದೆಯೋ ಅದರಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಬಿಸಿ ಇರುವಾಗಲೇ ಕೈಬಿಟ್ಟರೆ ಅರ್ಧಕ್ಕೇ ಸುತ್ತಿಕೊಳ್ಳುತ್ತದೆ. ಕೂದಲಿನ ಹುಟ್ಟು ಆಕಾರವನ್ನು ಹಿಡಿದಿಡುವ ಗಂಧಕದ ಕೊಂಡಿಗಳು ಬೇರೆ, ಅವು ನೀರಿಗೂ ಡ್ರೈಯರಿಗೂ ಬಗ್ಗುವುದಿಲ್ಲ. ಸರಿಯಾಗಿ ಹಿಡಿದ ಡ್ರೈಯರಿನಿಂದ ನಿಮ್ಮ ಗುಂಗುರು ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ಮುಂದಿನ ಸಲ ಮಿಂದಾಗ ಅದು ಹಾಗೇ ಬರುತ್ತದೆ. ನಾಲ್ಕು ಸಲ ತೊಳೆದರೂ ಬರದಿದ್ದರೆ ಬಿಸಿ ಜಾಸ್ತಿಯಾಗಿ ಕೂದಲು ಹಾಳಾಗಿದೆ ಎಂದು ತಿಳಿದು, ಡ್ರೈಯರನ್ನು ಕೆಲವು ತಿಂಗಳು ಒಳಗಿಡಿ.

ಡ್ರೈಯರ್ ಕೊಳ್ಳುವಾಗ ಬಣ್ಣ ನೋಡಬೇಡಿ. ಬಿಸಿ ಎರಡು ಮೂರು ಹಂತ ಇರಬೇಕು, ತಣ್ಣನೆ ಗಾಳಿಯ ಗುಂಡಿ ಇರಬೇಕು, ಎರಡೂ ಮೂತಿ ಸಿಗಬೇಕು. ವ್ಯಾಟ್ ನೋಡಿ. ಮನೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು, ಅದು ತಡೆಯುವುದು ಹೆಚ್ಚೆಂದರೆ 1,380 ವ್ಯಾಟ್. ನನ್ನದು 1,200 ವ್ಯಾಟಿನದು, ಸಾಕಾಗುತ್ತದೆ. 1,600, 2,000 ವ್ಯಾಟಿನದು ತಂದರೆ ಫ್ರಿಜ್ಜು, ಗೀಸರಿಗೆ ಹಾಕುವ ದೊಡ್ಡ ಪ್ಲಗ್ಗಿಗೇ ಹಾಕಿ. ಇನ್ವರ್ಟರಿನಲ್ಲಿ ಹಾಕಬೇಡಿ. ಮಳೆಗಾಲದಲ್ಲಿ ಕಾವಿ ನೆಲ ಬೆವರುತ್ತದೆ, ಬರಿಗಾಲಲ್ಲಿ ನಿಲ್ಲಬೇಡಿ. ಬಚ್ಚಲಿನಲ್ಲಿ ಅಂತೂ ಬೇಡವೇ ಬೇಡ. ಹಿಂದಿನ ಜಾಲರಿಯಲ್ಲಿ ಧೂಳು, ಕೂದಲು ಕೂತರೆ ಗಾಳಿ ಕಡಿಮೆಯಾಗಿ ಬಿಸಿ ಏರುತ್ತದೆ. ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ.

ಎಲ್ಲ ಮುಗಿಯಿತು ಅನಿಸಿದಾಗ ಡ್ರೈಯರ್ ಆರಿಸಿ ಐದು ನಿಮಿಷ ಸುಮ್ನೆ ಕೂತುಬಿಡಿ. ಬಿಸಿ ಇರುವಾಗ ಒಳಗಿನ ಒದ್ದೆ ಗೊತ್ತಾಗುವುದಿಲ್ಲ. ಆಮೇಲೆ ಕತ್ತಿನ ಹಿಂದೆ, ಕಿವಿಯ ಹಿಂದೆ ಬೆರಳು ತೂರಿಸಿ. ತಂಪು ತಾಗಿದರೆ ಅಲ್ಲಿ ಇನ್ನೂ ನೀರಿದೆ, ಆ ಕುಚ್ಚಿಗೆ ಮಾತ್ರ ಮತ್ತೆ ಗಾಳಿ ಕೊಡಿ. ಮದುವೆಗೆ ಹೊರಟು ಶಂಕರಪುರದ ಮಲ್ಲಿಗೆ ಮುಡಿಯುವುದಿದ್ದರೂ ಈ ಐದು ನಿಮಿಷ ಬೇಕು, ಬಿಸಿ ಕೂದಲಿಗೆ ಹೂವು ಬೇಗ ಬಾಡುತ್ತದೆ.

ಮಲಗುವ ಮೊದಲು ನಾನು ಸಡಿಲವಾಗಿ ಎರಡು ಜಡೆ ಹಾಕಿ, ಹಳೆಯ ರೇಷ್ಮೆ ಸೀರೆಯ ತುಂಡನ್ನು ದಿಂಬಿಗೆ ಹೊದೆಸುತ್ತೇನೆ. ಬೆಳಿಗ್ಗೆ ಬಿಚ್ಚಿದರೆ ದೊಡ್ಡ ದೊಡ್ಡ ಅಲೆ. ಬಸ್ಸಿನ ಕಿಟಕಿಯಿಂದ ಎರಚಲು ಬಿದ್ದರೆ ಹಣೆಯ ಹತ್ತಿರದ ಕೂದಲು ಉಡುಪಿ ಮುಟ್ಟುವ ಮೊದಲೇ ಸುತ್ತಿಕೊಳ್ಳುತ್ತದೆ. ನನಗೆ ಅದು ಇಷ್ಟವೇ. ಗುರುವಾರದ ಹೊತ್ತಿಗೆ ಬುಡವೆಲ್ಲ ಸುರುಳಿ. ಆಗ ಮತ್ತೆ ಡ್ರೈಯರ್ ಹಿಡಿಯುವುದಿಲ್ಲ. ಒಣ ಕೂದಲಿಗೆ ಒಂದು ಜಡೆ ಹಾಕಿದರೆ ಆದಿತ್ಯವಾರದವರೆಗೆ ನಡೆಯುತ್ತದೆ.