ಮನ್ಮಥನ ಗಡಿಯಾರಕ್ಕೆ ರಾಮನಗರದ ರೇಷ್ಮೆ ದಾರ: ನನ್ನ ಅನುಭವ

"ದಾರ ಕಿತ್ತುಹಾಕು, ಬ್ರೊಕೊ ಸಸ್ಪೆನ್ಷನ್ ಕೂರಿಸು." ಪ್ಯಾರಿಸ್‌ನಲ್ಲಿ ನಾನು ಕೇಳಿದ ಮೂವರು ರಿಪೇರಿಯವರೂ ಇದನ್ನೇ ಹೇಳಿದರು. ನನ್ನ ಹಳೇ ಗಡಿಯಾರದ ಲೋಲಕ ರೇಷ್ಮೆ ದಾರದಲ್ಲಿ ತೂಗುತ್ತೆ. ಬ್ರೊಕೊ ಅಂದರೆ ದಾರದ ಬದಲು ತೆಳ್ಳನೆ ಉಕ್ಕಿನ ಪಟ್ಟಿಯಲ್ಲಿ ಲೋಲಕ ತೂಗಿಸುವ ವ್ಯವಸ್ಥೆ. ನಾನು ಒಪ್ಪಲಿಲ್ಲ. ಎಂಟು ತಿಂಗಳಾಯಿತು, ಗಡಿಯಾರ ರೇಷ್ಮೆ ದಾರದಲ್ಲೇ ನಡೆಯುತ್ತಿದೆ. ವಾರಕ್ಕೆ ಎರಡು-ಮೂರು ನಿಮಿಷ ಆಚೀಚೆ, ಅಷ್ಟೇ.

ಇದು 1820ರ ಆಸುಪಾಸಿನ ಕಂಚಿನ ಗಡಿಯಾರ, ಮೇಲೆ ಚಿನ್ನದ ಲೇಪ. ಹಳೇ ಸಾಮಾನಿನ ಸಂತೆಯಲ್ಲಿ ಸುಮಾರು 640 ಯೂರೋ ಕೊಟ್ಟೆ. ರೆಕ್ಕೆಯ ಮನ್ಮಥ, ಅಂದರೆ ಅವರ ಕ್ಯುಪಿಡ್, ಬಲಿಪೀಠಕ್ಕೆ ಒರಗಿ ನಿಂತಿದ್ದಾನೆ. ಕಾಲ ಬಳಿ ಕೊಕ್ಕಿಗೆ ಕೊಕ್ಕು ತಾಗಿಸಿದ ಜೋಡಿ ಪಾರಿವಾಳ. ಪೀಠದಲ್ಲಿ ಬತ್ತಳಿಕೆ, ಮದುವೆಯ ಪಂಜು, ಗುಲಾಬಿ ಮಾಲೆ. ನಮ್ಮ ಮನ್ಮಥನಿಗೆ ಕಬ್ಬಿನ ಬಿಲ್ಲು, ಇವನಿಗೆ ಬರೀ ಬಿಲ್ಲು. ಆದ್ರೆ ತುಂಟತನ ಒಂದೇ.

ಹೊಸದಾಗಿ ಚಿನ್ನ ಹಾಕಿಸೋಕೆ 900 ಯೂರೋ ಕೇಳಿದರು. ಬೇಡ ಅಂದೆ. ಇದು ಪಾದರಸದಲ್ಲಿ ಚಿನ್ನ ಕಲಸಿ ಹಚ್ಚಿ, ಬೆಂಕಿಗೆ ಹಿಡಿದು ಪಾದರಸ ಹಾರಿಸಿದ ಲೇಪ. ಆ ಹೊಗೆ ಕುಡಿದು ಎಷ್ಟೋ ಕೆಲಸಗಾರರು ಆರೋಗ್ಯ ಕಳೆದುಕೊಂಡರು. ಅದನ್ನು ಅಳಿಸೋಕೆ ಮನಸ್ಸು ಬರಲ್ಲ. ಇದಕ್ಕೂ ಮೊದಲಿನ ಗಡಿಯಾರವನ್ನು ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದ್ದೆ. ಅದರ ಬೊಂಬೆಯ ಮೊಣಕಾಲಿನ ಚಿನ್ನವೇ ಹೋಯಿತು. 300ಕ್ಕೆ ತಂದದ್ದನ್ನು 120ಕ್ಕೆ ಮಾರಿದೆ.

ಈ ಸಲ ಬರೀ ಮೆದು ಸೋಪು, ಡಿಸ್ಟಿಲ್ಡ್ ನೀರು, ಹತ್ತಿ. ನಾಲ್ಕು ವಾರ ಹಿಡಿಯಿತು. ಬಲಿಪೀಠದ ಬದಿಯ ಮಸಿ ತೆಗೆಯುವಾಗ ಉಗುರಿನಷ್ಟು ದೊಡ್ಡ ಚಿಟ್ಟೆಯೊಂದು ಮೂಡಿತು. ರೆಕ್ಕೆ ಮಂಕು ಚಿನ್ನ, ಅಂಚು ಮಾತ್ರ ಮಿರುಗುವ ಚಿನ್ನ. ಚಿಟ್ಟೆ ಅಂದರೆ ಸೈಕಿ, ಈ ಮನ್ಮಥನ ಪ್ರೇಯಸಿ. ಗ್ರೀಕ್‌ನಲ್ಲಿ ಆತ್ಮಕ್ಕೂ ಚಿಟ್ಟೆಗೂ ಅದೇ ಪದ. ಅವನು ಯಾರಿಗೆ ಕಾಯುತ್ತಿದ್ದಾನೆ ಅಂತ ಆಗ ತಿಳಿಯಿತು. ಆ ದಿನ ಬೇರೆ ಕೆಲಸ ಮಾಡಲಿಲ್ಲ.

ಯಂತ್ರದ ಕೆಲಸ ಮಾಮೂಲಿನದೇ. ಅಚ್ಚು ತಿರುಗುವ ಸವೆದ ತೂತುಗಳಿಗೆ ಎರಡು ಬುಷ್, ಅಂದರೆ ಪುಟ್ಟ ಲೋಹದ ಬಳೆ, ಹಾಕಿದೆ. ಒಂದು ಮಾತು, ಪ್ರತಿ ನಟ್ಟನ್ನೂ ಅದರದೇ ಸ್ಕ್ರೂಗೆ ಸೇರಿಸಿಡಿ. ಕೈಯಲ್ಲಿ ಕೊರೆದ ಸ್ಕ್ರೂ ಸುತ್ತುಗಳು, ಅದಲು ಬದಲಾದರೆ ಕೂರಲ್ಲ.

ಕಾಡಿದ್ದು ದಾರ. ಲೋಲಕ ಒಂದು ಗೇಣು ಉದ್ದ ಅಲ್ವಾ, ದಾರ ಒಂದು ಮಿಲಿಮೀಟರ್ ಹಿಗ್ಗಿದರೆ ದಿನಕ್ಕೆ ಮೂರೂವರೆ ನಿಮಿಷ ಹಿಂದೆ. ಹೊಲಿಗೆ ಅಂಗಡಿಯ ರೇಷ್ಮೆ ಮೊದಲ ದಿನವೇ ಹನ್ನೆರಡು ನಿಮಿಷ ಹಿಂದೆ ಬಿತ್ತು. ಮೀನಿನ ಗಾಳದ ನೈಲಾನ್ ತಂದೆ. ಗಂಟು ಜಾರಿತು, ಲೋಲಕ ಸೊಟ್ಟಗೆ ಆಡಿತು. ಆಮೇಲೆ ಅಕ್ಕ ರಾಮನಗರದಿಂದ ಹುರಿ ಮಾಡಿದ ರೇಷ್ಮೆ ಕಳಿಸಿದಳು. ಮೊದಲ ತುಂಡು ಹಾಗೇ ಕಟ್ಟಿದೆ, ಮಳೆ ಬಂದ ದಿನ ಲೆಕ್ಕ ತಪ್ಪಿತು. ಎರಡನೇ ತುಂಡಿಗೆ ಲೋಲಕದ ಮೂರರಷ್ಟು ಭಾರ ಕಟ್ಟಿ, ಅದೇ ಕೋಣೆಯಲ್ಲಿ ಮೂರು ವಾರ ತೂಗಿಬಿಟ್ಟೆ. ಹಿಗ್ಗೋದೆಲ್ಲ ಅಲ್ಲೇ ಹಿಗ್ಗಿತು. ಆಮೇಲೆ ತೆಳ್ಳಗೆ ಮೇಣ. ಮೇಣಕ್ಕೆ ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಗಡಿಯಾರ ಬಿಟ್ಟು ಒಟ್ಟು ಖರ್ಚು ಸುಮಾರು 90 ಯೂರೋ. ಸರ್ವಿಸ್‌ಗೆ ಕೇಳಿದ್ದು 450. ಬ್ರೊಕೊ ಹಾಕು ಅಂದವರಲ್ಲಿ ಒಬ್ಬರು ಮೊನ್ನೆ ಬಂದು ಅರ್ಧ ಗಂಟೆ ಸುಮ್ನೆ ಕೂತು ಟಿಕ್ ಟಿಕ್ ಕೇಳಿದರು. ಹೋಗುವಾಗ ದಾರ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಒಂದು ಮೊಳ ಕತ್ತರಿಸಿ ಕೊಟ್ಟೆ.