ಹಳೇ ಹಂಚಿನ ಮನೆ ಇರೋರು ಚಳಿಗೆ ಮುಂಚೆ ಇದನ್ನ ನೋಡಿ
ತೀರ್ಥಹಳ್ಳಿ, ಹೊಸನಗರ ಕಡೆ ಹಳೇ ಮನೆಗಳಲ್ಲಿ ಚಳಿ ಹೆಚ್ಚಾಗಿ ನುಗ್ಗೋದು ಗೋಡೆ, ಮಾಡು (ಹಂಚಿನ ಚಾವಣಿ) ಸೇರುವ ಸಂದಿಯಿಂದ. ಇಡೀ ಮನೆಗೆ ಖರ್ಚು ಮಾಡಬೇಡಿ, ಮಲಗುವ ಕೋಣೆಗಷ್ಟೇ ಹಂಚಿನ ಕೆಳಗೆ ಹಲಗೆ ಮುಚ್ಚಿಗೆ ಹಾಕಿಸಿ. ಹಲಗೆ ದುಬಾರಿ ಅನ್ನಿಸಿದರೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ), ಅದರ ಮೇಲೆ ಬಿದಿರಿನ ಚಾಪೆ. ಬೇಸಿಗೆಯಲ್ಲೂ ಹಂಚಿನ ಕಾವು ಅಷ್ಟಾಗಿ ಕೆಳಗಿಳಿಯಲ್ಲ. ಆದರೆ ಎಲ್ಲಾ ಸಂದಿ ಮುಚ್ಚಬೇಡಿ ಮಾರಾಯ್ರೆ! ನಮ್ಮ ಮಳೆಗೆ ಗಾಳಿಯಾಡದಿದ್ದರೆ ಬೂಷ್ಟು ಹಿಡಿದು ಹಂಚು ಹೊರುವ ಮರಗಳಾದ ಪಕಾಸು, ರೀಪು ಕೊಳೆಯುತ್ತವೆ. ಅಡುಗೆಮನೆ ಹೊಗೆ ಹೋಗೋ ದಾರಿಯಂತೂ ಮುಟ್ಟಲೇಬೇಡಿ.

ಗೃಹಜ್ಯೋತಿ ಇರೋರಿಗೆ: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಗೀಸರ್ ಬಿಟ್ಟು ಬಚ್ಚಲ ಹಂಡೆಗೆ ಬೆಂಕಿ ಹಾಕಿ.

ಮಾಡಿನ ಮೇಲೆ ಸೋಲಾರ್ ಹಾಕಿಸೋರಿಗೆ ಪಿಎಂ ಸೂರ್ಯಘರ್ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 3ಕ್ಕೆ 78,000 ರೂಪಾಯಿ. ಅರ್ಜಿಗೆ ಮೊದಲು ಮಾಡಿನ ಮೇಲೆ ಮರದ ನೆರಳು ಬೀಳುತ್ತಾ ನೋಡಿ, ಹಳೇ ಪಕಾಸು ಭಾರ ತಡೆಯುತ್ತಾ ಅಂತ ಬಡಗಿಯನ್ನು ಕೇಳಿ.