ಊಜಿ ಬಂದ ವರ್ಷ

ಮಳವಳ್ಳಿ ಹತ್ತಿರದ ನಮ್ಮೂರಲ್ಲಿ ದೊಡ್ಡಮ್ಮ ನಲವತ್ತು ವರ್ಷಕ್ಕಿಂತ ಜಾಸ್ತಿ ರೇಷ್ಮೆ ಹುಳ ಸಾಕಿದ್ದಾರೆ. ಗೂಡು ಮಾರಿದ ಚೀಟಿಗಳಲ್ಲಿ ಇರುವುದು ದೊಡ್ಡಪ್ಪನ ಹೆಸರು. ಯಾರಾದರೂ ಕೇಳಿದರೆ ನಾವೂ ‘ದೊಡ್ಡಮ್ಮ ಮನೇಲೇ ಇರ್ತಾರೆ’ ಅಂತಿದ್ದೆವು. ಅದು ನನಗೆ ಈಗ ತುಂಬಾ ನೋಯುತ್ತದೆ.

ಅವರ ಬದುಕನ್ನು ಬರೆದಿಡೋಣ ಅಂತ ಮೈಸೂರಿಂದ ಹೋದೆ. ಮೊದಲ ದಿನ ಪ್ರಶ್ನೆಗಳ ಪಟ್ಟಿ ಹಿಡಿದು ಎದುರು ಕೂತೆ. ‘ನಂದೇನೈತೆ ಮಗ ಹೇಳಕ್ಕೆ?’ ಅಂದು ಎದ್ದು ಹೋದರು. ಪಟ್ಟಿ ಮಡಚಿಟ್ಟೆ. ಹೇಗೂ ಆ ವಾರ ಹುಳ ಬರುವುದಿತ್ತು. ಒಂದು ಬೆಳೆ ಮುಗಿಯುವವರೆಗೆ ಜೊತೆಗಿದ್ದು ಕೈಗೆಲಸ ಮಾಡುತ್ತೇನೆ ಅಂದೆ.

ಈಗ ಎರಡು ಜ್ವರ ಕಳೆದ ಹುಳವನ್ನೇ ಚಾಕಿ ಕೇಂದ್ರದಿಂದ, ಅಂದರೆ ಎಳೆ ಹುಳ ಸಾಕಿ ಕೊಡುವ ಕಡೆಯಿಂದ, ತರುತ್ತಾರೆ. ಮೊದಲೆಲ್ಲ ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಸುತ್ತಿದ್ದರಂತೆ. ಇರುವೆಯಷ್ಟು ಮರಿಗಳನ್ನು ಕೋಳಿ ಪುಕ್ಕದಲ್ಲಿ ತಟ್ಟೆಗೆ ಇಳಿಸುವುದು, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುವುದು. ಇದನ್ನು ಹೇಳುವಾಗ ಅವರ ಬೆರಳು ತಾನಾಗೇ ಆಡುತ್ತಿತ್ತು.

ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಪೊರೆ ಬಿಡುವ ಹೊತ್ತು. ಒಟ್ಟು ನಾಲ್ಕು ಸಲ. ಆಗ ಸೊಪ್ಪು ಹಾಕಬಾರದು. ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ. ಮೂರನೇ ಜ್ವರದಿಂದ ಅರ್ಧ ಹುಳ ಎದ್ದಿದ್ದವು. ಹಸಿದಿವೆಯಲ್ಲ ಅಂತ ನಾನು ಸೊಪ್ಪು ತಂದೆ. ದೊಡ್ಡಮ್ಮ ಕೈ ಹಿಡಿದರು. ‘ಎಲ್ಲ ಏಳ್ಲಿ ತಡಿ. ಮೊದ್ಲು ತಿಂದದ್ದು ಮುಂದೋಯ್ತದೆ, ಮಿಕ್ಕಿದ್ದು ಹಿಂದುಳೀತದೆ. ಆಮೇಲೆ ಹಣ್ಣಾಗೋದೂ ಹಿಂದುಮುಂದಾಯ್ತದೆ.’ ಹಣ್ಣಾಗುವುದು ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು. ತಟ್ಟೆ ಪಕ್ಕ ಕೂತು ಬಾಗಿ ನೋಡುತ್ತಾ ಕಾದರು. ಗಡಿಯಾರ ನೋಡಲಿಲ್ಲ. ಆ ಕಾಯುವಿಕೆ ಸಾವಿರಾರು ಹುಳದ ಮೇಲಿನ ಒಂದು ತೀರ್ಮಾನ. ಅದನ್ನು ಅವರು ದಶಕಗಳಿಂದ ಒಬ್ಬರೇ ತೆಗೆದುಕೊಂಡಿದ್ದಾರೆ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೇ ನಾಲ್ಕು ಪುಟ ಹೋಯಿತು.

ನಾಲ್ಕನೇ ಜ್ವರ ಆದಮೇಲೆ ಒಂದು ವಾರ ನಿದ್ದೆ ಇಲ್ಲ. ಹುಳ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಆಗಲೇ ತಿನ್ನುವುದು. ನಾನು ಪ್ರತಿ ಸಲ ಅವರು ಎದ್ದ ಹೊತ್ತನ್ನು ಬರೆದುಕೊಂಡೆ. ನಿಮ್ಮ ಮನೆಯ ಹಿರಿಯರ ಬಗ್ಗೆ ಬರೆಯುವುದಾದರೆ ಇದೊಂದನ್ನು ಮಾಡಿ. ಅವರ ಗುಣ ಹೊಗಳುವುದು ಆಮೇಲಿರಲಿ, ಅವರ ಒಂದು ದಿನವನ್ನು ಹೊತ್ತು ಸಮೇತ ಬರೆಯಿರಿ.

ಇಸವಿ ಕೇಳಿದರೆ ದೊಡ್ಡಮ್ಮ ಸುಮ್ನಾಗುತ್ತಿದ್ದರು. ಒಂದು ರಾತ್ರಿ ಕಿಟಕಿ ಪರದೆ ಸರಿಮಾಡುತ್ತಾ, ‘ಊಜಿ ಬಂದ ವರ್ಷವೇ ನಿಮ್ಮಣ್ಣ ಹುಟ್ಟಿದ್ದು’ ಅಂದರು. ಊಜಿ ನೊಣ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಒಳಹೊಕ್ಕು ರೇಷ್ಮೆ ಹುಳವನ್ನೇ ತಿನ್ನುತ್ತದೆ. ಮಡಿಲಲ್ಲಿ ಅಣ್ಣ, ಬಾಗಿಲಿಗೆ ಕಟ್ಟಿದ ಸೊಳ್ಳೆಪರದೆ, ತಟ್ಟೆಯಲ್ಲಿ ಸಾಯುತ್ತಿದ್ದ ಬೆಳೆ. ಎಲ್ಲ ಆ ರಾತ್ರಿ ಹೊರಬಂತು. ಅವರ ಬದುಕಿಗೆ ಅವರದ್ದೇ ಪಂಚಾಂಗ ಇತ್ತು, ನಾನು ನನ್ನದನ್ನು ಹಿಡಿದು ಕೇಳುತ್ತಿದ್ದೆ.

ಹುಳ ಹಣ್ಣಾಗಿ ಚಂದ್ರಿಕೆ ಏರಿತು, ಅಂದರೆ ಗೂಡು ಕಟ್ಟಲೆಂದೇ ಇರುವ ತಟ್ಟೆ. ಐದಾರು ದಿನ ಬಿಟ್ಟು ಗೂಡು ಬಿಡಿಸಿದೆವು. ಸಂಜೆ ಜಗಲಿ ಮೇಲೆ ಕೂತು ಬರೆದದ್ದನ್ನೆಲ್ಲ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು, ‘ಒಂದ್ಸಲ ಸೊಪ್ಪು ಸಾಲ್ದೆ ಹೋದಾಗ ಆಚೆಮನೆಯವಳು ರಾತ್ರೋರಾತ್ರಿ ಕುಯ್ದು ಕೊಟ್ಲು. ಅವಳ ಹೆಸರೂ ಬರ್ಕೋ.’

ಬರೆದುಕೊಂಡೆ. ಮಾರನೇ ದಿನ ಬೆಳಿಗ್ಗೆ ಇಬ್ಬರೂ ಆಚೆಮನೆಗೆ ಹೋದೆವು.